ಸಹಾಯ ಬೇಕು: 14 ತಿಂಗಳ ಕೂಸಿನ ಜೊತೆ ಎಳ್ಳಮಾವಾಸ್ಯೆಗೆ ಹೊಲಕ್ಕೆ

ಎಲ್ಲರಿಗೂ ನಮಸ್ಕಾರ. ಈ ಸಲ ರಜೆ ಹಾಕಿ ಎಳ್ಳಮಾವಾಸ್ಯೆಗೆ ಬೆಂಗಳೂರಿನಿಂದ ಕಲಬುರಗಿಗೆ ಬರುತ್ತಿದ್ದೇವೆ. ಮಗನಿಗೆ 14 ತಿಂಗಳು. ಹೊಲ ಆಳಂದ ಕಡೆ. ಬೆಳಿಗ್ಗೆ ಹೋದರೆ ಚರಗ ಚೆಲ್ಲಿ (ಪೂಜೆ ಮಾಡಿ ಅಡುಗೆಯ ಎಡೆಯನ್ನು ಹೊಲದ ತುಂಬ ಚೆಲ್ಲೋದು), ಉಂಡು, ಮನೆಗೆ ಬರುವಷ್ಟರಲ್ಲಿ ಸಂಜೆ.

ಊಟದ್ದೇ ದೊಡ್ಡ ಚಿಂತೆ. ಅತ್ತೆಯವರ ಭಜ್ಜಿ ಅಂದರೆ ನಾಲ್ಕಾರು ಸೊಪ್ಪು, ಅವರೆ, ತೊಗರಿ, ಕಡಲೆ, ಹುಣಸೆಹುಳಿ, ಮೇಲೆ ಕಣ್ಣಲ್ಲಿ ನೀರು ಬರುವಷ್ಟು ಹಸಿಮೆಣಸಿನಕಾಯಿ. ಖಾರ, ಹುಳಿ ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟು, ಕಾಳು ನುಣ್ಣಗೆ ಹಿಸುಕಿ ಕೊಡೋಣ ಅಂತಿದ್ದೇನೆ. ಸಜ್ಜೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟವರು ಯಾರಾದರೂ ಇದ್ದೀರಾ? ಈ ವಯಸ್ಸಿಗೆ ಅರಗುತ್ತಾ?

ಇಡೀ ಶೇಂಗಾ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಹೊಲಕ್ಕೆ ಬರುವ ಹತ್ತು ಹದಿನೈದು ಜನರೂ ಪ್ರೀತಿಯಿಂದ ಬಾಯಿಗೆ ಇಡೋರೇ! ಕಳೆದ ತಿಂಗಳು ಒಬ್ಬ ದೊಡ್ಡಮ್ಮನ ಕೈ ತಡೆದಿದ್ದಕ್ಕೆ ಇನ್ನೂ ಮಾತು ಬಿಗಿ. ಬೇಸರ ಆಗದ ಹಾಗೆ ನೀವು ಹೇಗೆ ಹೇಳುತ್ತೀರಿ?

ಇನ್ನು ಮಧ್ಯಾಹ್ನದ ನಿದ್ದೆ. ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟೋಣ ಅಂತಾರೆ ಮಾವ. ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಚುರು ಬಿಸಿಲು. ಬಟ್ಟೆ ಯಾವ ಥರದ್ದು ಹಾಕಲಿ? ಅಲ್ಲಿ ಇರುವೆ ಬೇರೆ ಜಾಸ್ತಿ. ಚಿಕ್ಕ ಕೂಸನ್ನು ಹೊಲಕ್ಕೆ ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.