ಪ್ರಶ್ನೋತ್ತರ: ಬೇಸಾಯದ ಹಸಿರುಮನೆ ಅನಿಲದಲ್ಲಿ ಯಾರ ಪಾಲು ಎಷ್ಟು?

ಭಾಲ್ಕಿಯ ಶಿಕ್ಷಕಿ: ನಮಸ್ಕಾರ ಮೇಡಂ. ಹಸಿರುಮನೆ ಅನಿಲಗಳಲ್ಲಿ ಕೃಷಿಯ ಪಾಲು ಜಗತ್ತಿನಲ್ಲಿ ಶೇ 22, ಭಾರತದಲ್ಲಿ ಶೇ 14 ಎಂದು ಓದಿದೆ. ನಮ್ಮ ಬೇಸಾಯವೇ ಶುದ್ಧವೆಂದು ಮಕ್ಕಳಿಗೆ ಹೇಳಬಹುದೇ?

ಕೃಷಿ ವಿಜ್ಞಾನಿ, ಕಲಬುರಗಿ: ಹಾಗೆ ಹೇಳಬೇಡಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2019ನೇ ವರ್ಷಕ್ಕೆ ಕೊಟ್ಟ ಶೇ 22ರಲ್ಲಿ ಕಾಡು ಕಡಿದ ಲೆಕ್ಕವೂ ಸೇರಿದೆ. ಭಾರತ 2016ನೇ ವರ್ಷಕ್ಕೆ ತೋರಿಸಿದ ಶೇ 14ರಲ್ಲಿ ದನಕರು, ಗದ್ದೆ, ಗೊಬ್ಬರಗಳಂಥವು ಮಾತ್ರ ಇವೆ. ಅರಣ್ಯದ ಲೆಕ್ಕವನ್ನು ನಾವು ಬೇರೆಯಾಗಿ ಕೊಡುತ್ತೇವೆ, ಅಲ್ಲಿ ನಮ್ಮ ನೆಲ ಬಿಡುವುದಕ್ಕಿಂತ ಹೀರುವುದೇ ಹೆಚ್ಚು. ಇನ್ನು ಛೇದವನ್ನು, ಅಂದರೆ ಯಾವ ಒಟ್ಟು ಮೊತ್ತದಲ್ಲಿ ಈ ಪಾಲು ಎಂಬುದನ್ನು ನೋಡಿ. ನ್ಯೂಜಿಲೆಂಡಿನ ವಿದ್ಯುತ್ತು ಬಹುಪಾಲು ನೀರಿನಿಂದ ಬರುವುದರಿಂದ ಅಲ್ಲಿ ಕೃಷಿಯ ಪಾಲು ಹೆಚ್ಚುಕಡಿಮೆ ಅರ್ಧದಷ್ಟಾಗುತ್ತದೆ. ನಮ್ಮಲ್ಲಿ ಕಲ್ಲಿದ್ದಲು ಒಟ್ಟು ಮೊತ್ತವನ್ನು ಹಿಗ್ಗಿಸಿರುವುದರಿಂದ ಕೃಷಿ ಚಿಕ್ಕದಾಗಿ ಕಾಣುತ್ತದೆ, ಆದರೆ ಟನ್ನುಗಳಲ್ಲಿ ಅಳೆದರೆ ನಮ್ಮದು ಅವರದಕ್ಕಿಂತ ಹಲವು ಪಟ್ಟು ದೊಡ್ಡದು. ಮಕ್ಕಳಿಗೆ ಶೇಕಡಾ ಮತ್ತು ಟನ್ನು ಎರಡನ್ನೂ ಕಲಿಸಿ.

ಆಳಂದದ ತೊಗರಿ ಬೆಳೆಗಾರ: ನಮ್ಮ ಜಿಲ್ಲೆಯ ಪಾಲು ಶೇಕಡಾ ಎಷ್ಟು?

ಕೃಷಿ ವಿಜ್ಞಾನಿ: ಯಾವುದರ ಶೇಕಡಾ ಎಂದು ಮೊದಲು ಹೇಳಿ. ಮೇಲಿನ ಉತ್ತರವನ್ನು ಓದಿ.

ಶಹಾಪುರದ ರೈತ: ಮೇಡಂ, ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಎರಡು ಬೆಳೆ ಭತ್ತ ಬೆಳೆಯುತ್ತೇನೆ. ಹುಲ್ಲು ಸುಡಬಾರದೆಂದು ನಾಟಿಗೆ ನಾಲ್ಕು ದಿನ ಮುಂಚೆ ಕೆಸರಿಗೆ ತುಳಿಸುತ್ತಿದ್ದೇನೆ. ಸರಿಯೇ?

ಕೃಷಿ ವಿಜ್ಞಾನಿ: ಅಣ್ಣನವರೇ, ಸುಡದಿರುವುದು ಬಹಳ ಒಳ್ಳೆಯದು, ಆದರೆ ನಾಲ್ಕು ದಿನದ ಮಾತು ನನ್ನನ್ನು ಕಾಡುತ್ತಿದೆ. ನಿಂತ ನೀರಿನ ಕೆಳಗೆ ಗಾಳಿಯಾಡದೆ ಹಸಿ ಹುಲ್ಲು ಕೊಳೆಯುವಾಗ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್ ಎಂಬ ಹಸಿರುಮನೆ ಅನಿಲ ಮಾಡಿ ಬಿಡುತ್ತವೆ. ವಿಶ್ವಸಂಸ್ಥೆಯ ಅದೇ ಹವಾಮಾನ ಸಮಿತಿಯ 2006ರ ಮಾರ್ಗಸೂಚಿಯ ಪ್ರಕಾರ, ನಾಟಿಗೆ 30 ದಿನಗಳಿಗಿಂತ ಮೊದಲೇ ಮಣ್ಣಿನಲ್ಲಿ ಸೇರಿಸಿದ ಒಂದು ಟನ್ ಹುಲ್ಲು ಮೀಥೇನಿನ ಲೆಕ್ಕದಲ್ಲಿ 0.29 ಟನ್ನಿನಷ್ಟೇ ಎಣಿಕೆಯಾಗುತ್ತದೆ. ನಿಮ್ಮಂತೆ ಕೊನೆಗಳಿಗೆಯಲ್ಲಿ ಸೇರಿಸಿದ್ದು ಪೂರ್ತಿ ಒಂದು ಟನ್ನೇ. ಬೇಸಿಗೆ ಬೆಳೆಯ ಹುಲ್ಲನ್ನು ಕೊಯ್ಲು ಮುಗಿದ ಕೂಡಲೇ ಉತ್ತು ಸೇರಿಸಿ, ಮುಂಗಾರು ಬೆಳೆಯದನ್ನು ಬಣವೆ ಒಟ್ಟಿ ದನಕ್ಕೆ ಇಡಿ. ವಾರಬಂದಿಯ (ಸರದಿಯಂತೆ ಬಿಡುವ ಕಾಲುವೆಯ) ನೀರು ಕೈಗೆ ಸಿಗುವಂತಿದ್ದರೆ ನಡುವೆ ಗದ್ದೆಯನ್ನು ಒಣಗಲು ಬಿಟ್ಟು ಮತ್ತೆ ನೀರು ಕಟ್ಟಿ, ಆದರೆ ಹೂ ಬಿಡುವ ಹೊತ್ತಿನಲ್ಲಿ ನೀರು ನಿಂತಿರಲೇಬೇಕು.

ಬೀದರ್‌ನ ಕಬ್ಬು ಬೆಳೆಗಾರ: ರವದಿ (ಕಬ್ಬಿನ ಒಣ ಎಲೆ) ಸುಟ್ಟರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ?

ಆಳಂದದ ತೊಗರಿ ಬೆಳೆಗಾರ: ತಿಂಗಳುಗಟ್ಟಲೆ ನೀರು ನಿಲ್ಲಿಸುವವರು ಕಾಲುವೆಯ ಕೆಳಗಿನವರು. ಮಳೆ ನಂಬಿದ ನಮ್ಮನ್ನೂ ಅವರ ಲೆಕ್ಕದಲ್ಲಿ ಏಕೆ ಸೇರಿಸುತ್ತೀರಿ?

ಶಹಾಪುರದ ರೈತ: ಅನ್ನ ಉಣ್ಣುವಾಗ ಈ ಲೆಕ್ಕ ನಿಮಗೆ ನೆನಪಾಗುವುದಿಲ್ಲವೇ? ನೀವು ಡಿಎಪಿ ಗೊಬ್ಬರ ಹಾಕುವುದಿಲ್ಲವೇ?

ಆಳಂದದ ತೊಗರಿ ಬೆಳೆಗಾರ: ತೊಗರಿ ತನ್ನ ಸಾರಜನಕವನ್ನು ತಾನೇ ಕಟ್ಟಿಕೊಳ್ಳುತ್ತದೆ, ನಿಮ್ಮ ಯೂರಿಯಾ ಮೂಟೆಗಳನ್ನು ಎಣಿಸಿಕೊಳ್ಳಿ.

ಕೃಷಿ ವಿಜ್ಞಾನಿ: ಇಬ್ಬರೂ ನಿಲ್ಲಿಸಿ. ದೇಶದ ಕೃಷಿಯ ಪಾಲಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ದನ, ಎಮ್ಮೆಗಳ ಹೊಟ್ಟೆಯಿಂದ ಬರುವ ಮೀಥೇನ್, ಮತ್ತು ಕೊಟ್ಟಿಗೆ ನಿಮ್ಮಿಬ್ಬರ ಮನೆಯಲ್ಲೂ ಇರಬೇಕು.

ಹುಮನಾಬಾದಿನ ಹೈನುಗಾರ: ಮೇಡಂ, ಎಮ್ಮೆಗೆ ದಿನಾ ಅರ್ಧ ಲೀಟರ್ ಎಣ್ಣೆಯನ್ನು ಗೊಟ್ಟದಲ್ಲಿ (ಬಾಯಿಗೆ ಔಷಧಿ ಸುರಿಯುವ ಕೊಳವೆಯಲ್ಲಿ) ಕುಡಿಸಿದರೆ ಮೀಥೇನ್ ನಿಲ್ಲುತ್ತದೆ ಎಂಬ ಸಂದೇಶ ಬಂದಿದೆ. ಮಾಡಬಹುದೇ?

ಕೃಷಿ ವಿಜ್ಞಾನಿ: ಖಂಡಿತ ಮಾಡಬೇಡಿ. ಗೊಟ್ಟದಿಂದ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಎಮ್ಮೆ ಸಾಯಬಹುದು; ಮೇವಿನಲ್ಲಿ ಕೊಬ್ಬು ಅತಿಯಾದರೆ ನಾರು ಸರಿಯಾಗಿ ಅರಗುವುದಿಲ್ಲ. ಯಾರು ಬರೆದರೆಂದು ತಿಳಿಯದ ಸಂದೇಶವನ್ನು ಮೂಕ ಪ್ರಾಣಿಯ ಮೇಲೆ ಪರೀಕ್ಷಿಸಬೇಡಿ ಎಂದು ಇನ್ನೆಷ್ಟು ಸಲ ಹೇಳಬೇಕು?

ಚಿತ್ತಾಪುರದ ಸದಸ್ಯ: ಜಿಲ್ಲೆಯ ಪಾಲು ಶೇಕಡಾ ಎಷ್ಟು, ಮೇಡಂ?

ಕೃಷಿ ವಿಜ್ಞಾನಿ: ಮೇಲೆ ಓದಿ.

ಶಹಾಪುರದ ರೈತ: ಈ ಸಲದ ಹುಲ್ಲು ಇನ್ನೂ ಗದ್ದೆಯಲ್ಲೇ ಬಿದ್ದಿದೆ, ನಾಟಿಗೆ ಎಂಟು ದಿನ ಉಳಿದಿದೆ.

ಕೃಷಿ ವಿಜ್ಞಾನಿ: ಹಾಗಿದ್ದರೆ ತುಳಿಸಬೇಡಿ, ಇಂದೇ ಹೊರಗೆ ಸಾಗಿಸಿ.