ಗಂಜಿಮನೆಗೆಂದು ಎತ್ತುವ ವಂತಿಗೆ: ಕರಪತ್ರದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ಕಾಲುವೆದಂಡೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದೇನೆ. ಇಲ್ಲಿ ಐವರು ಟ್ರಸ್ಟಿಗಳಿರುವ ನಮ್ಮ ಪುಟ್ಟ ಸೇವಾಸಂಸ್ಥೆಯೊಂದು ಆಫ್ರಿಕಾದ ಮಲಾವಿ ದೇಶದ ದಕ್ಷಿಣಕ್ಕಿರುವ ಜೊಂಬಾ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಗೆ ಆರು ವರ್ಷಗಳಿಂದ ನೆರವಾಗುತ್ತಿದೆ. ಸಂಬಳ ಪಡೆಯುವವರು ಯಾರೂ ಇಲ್ಲ. ಕಚೇರಿಯೆಂದರೆ ಕಾರ್ಯದರ್ಶಿಯವರ ಮನೆಯ ಊಟದ ಮೇಜು.

ಆ ಶಾಲೆಯಲ್ಲಿ ತಾಯಂದಿರ ಸಮಿತಿಯವರು ಬೆಳಿಗ್ಗೆ ಮಕ್ಕಳಿಗೆ ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಗಂಜಿ ಕಾಯಿಸಿ ಕೊಡುತ್ತಾರೆ. ಮೂರು ಕಲ್ಲಿನ ಒಲೆ ಬಯಲಿನಲ್ಲೇ ಇರುವುದರಿಂದ, ನವೆಂಬರಿನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಸೌದೆ ನೆನೆದು ಎಷ್ಟೋ ದಿನ ಗಂಜಿಯೇ ಆಗುವುದಿಲ್ಲ. ಸೂರಿರುವ ಅಡುಗೆಮನೆಯೊಂದನ್ನೂ ಹೊಗೆಕೊಳವೆಯುಳ್ಳ ಎರಡು ಒಲೆಗಳನ್ನೂ ಕಟ್ಟಿಸಿಕೊಡಬೇಕೆಂದು ಮುಖ್ಯೋಪಾಧ್ಯಾಯರು ಕಳೆದ ವರ್ಷ ಪತ್ರ ಬರೆದಿದ್ದರು. ಜೊತೆಗೆ ಮೇಸ್ತ್ರಿಯ ಅಂದಾಜು ಪಟ್ಟಿಯನ್ನೂ ಕಳುಹಿಸಿದ್ದರು. ನಮ್ಮ ಲೆಕ್ಕಕ್ಕೆ ಒಟ್ಟು 3,000 ಪೌಂಡು ಬೇಕಾಗುತ್ತದೆ.

ಜೂನ್ ತಿಂಗಳಲ್ಲಿ ಕಾಲುವೆಯ ದಂಡೆಯ ಮೇಲೆ ಹತ್ತು ಮೈಲಿಯ ನಡಿಗೆಯೊಂದನ್ನು ಏರ್ಪಡಿಸಿ, ನಡೆಯುವವರು ತಮ್ಮ ಪರಿಚಿತರಿಂದ ವಂತಿಗೆ ಬರೆಸಿಕೊಂಡು ಬರುವಂತೆಯೂ, ಕೊನೆಯಲ್ಲಿ ಸಭಾಂಗಣದಲ್ಲಿ ಕೇಕಿನ ಮೇಜು ಮತ್ತು ಬಹುಮಾನದ ಚೀಟಿ ಎತ್ತುವ ಕಾರ್ಯಕ್ರಮ ಇರುವಂತೆಯೂ ಯೋಚಿಸಿದ್ದೇವೆ. ಆದರೆ ಮೂರು ವಿಷಯಗಳಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಮೊದಲನೆಯದಾಗಿ, ಹಣಕ್ಕಿಂತ ಹಳೆಯ ಬಟ್ಟೆ, ಬೂಟುಗಳನ್ನು ಕೇಳಿದರೆ ಜನ ಧಾರಾಳವಾಗಿ ಕೊಡುತ್ತಾರೆ, ಒಂದು ಕಂಟೇನರು ತುಂಬಿಸಿ ಕಳುಹಿಸೋಣ ಎಂದು ಇಬ್ಬರು ಟ್ರಸ್ಟಿಗಳು ಹೇಳುತ್ತಿದ್ದಾರೆ. ಎರಡನೆಯದಾಗಿ, ಕರಪತ್ರದಲ್ಲಿ ‘ಅಡುಗೆಮನೆ ಕಟ್ಟಲು’ ಎಂದು ಸ್ಪಷ್ಟವಾಗಿ ಬರೆದರೆ ಜನರಿಗೆ ನಂಬಿಕೆ ಬರುತ್ತದೆ, ನಿಜ. ಆದರೆ 1,800 ಪೌಂಡು ಮಾತ್ರ ಕೂಡಿದರೆ ಏನು ಮಾಡುವುದು? ಮೂರನೆಯದಾಗಿ, ದೇಣಿಗೆಯ ಮೇಲೆ ಸರ್ಕಾರ ಸೇರಿಸಿಕೊಡುವ ‘ಗಿಫ್ಟ್ ಏಡ್’ ಹಣ ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದು ನಮಗೆ ಯಾರಿಗೂ ಸರಿಯಾಗಿ ತಿಳಿಯದು. ಇಂಥ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೆಯ ಖಜಾಂಚಿ

ತಮ್ಮ ಮೂರು ಪ್ರಶ್ನೆಗಳಲ್ಲಿ ಎರಡನೆಯದೇ ದೊಡ್ಡದು, ಅಲ್ಲಿಂದಲೇ ಆರಂಭಿಸುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನಿನ ಪ್ರಕಾರ, ಯಾವ ಬಾಬತ್ತಿಗೆಂದು ಹೇಳಿ ಜನರಿಂದ ಹಣ ಪಡೆಯುತ್ತೇವೆಯೋ ಆ ಬಾಬತ್ತಿಗೇ ಅದು ಕಟ್ಟುಬಿದ್ದಿರುತ್ತದೆ. ‘ಅಡುಗೆಮನೆ ಕಟ್ಟಲು’ ಎಂದಷ್ಟೇ ಅಚ್ಚು ಹಾಕಿಸಿದರೆ, ಕಟ್ಟಡ ಏಳದ ವರ್ಷದಲ್ಲಿ ಶಾಲೆಯ ಹಿಟ್ಟಿನ ಚೀಲ ಬರಿದಾಗಿದ್ದರೂ ಆ ಹಣದಿಂದ ಒಂದು ಸೇರು ಹಿಟ್ಟನ್ನೂ ಕೊಳ್ಳುವಂತಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಾನು ಖಜಾಂಚಿಯಾಗಿದ್ದ ಸಂಸ್ಥೆ ಉಗಾಂಡಾದ ಒಂದು ಶಾಲೆಯ ಕೊಳವೆಬಾವಿಗೆಂದು ಕರಪತ್ರ ಹಂಚಿ 2,100 ಪೌಂಡು ಕೂಡಿಸಿತು. ಬಾವಿ ಕೊರೆಯುವವರು ಕೇಳಿದ್ದು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಆ ಮೊತ್ತ ಎರಡು ವರ್ಷ ಲೆಕ್ಕಪತ್ರದ ಪ್ರತ್ಯೇಕ ಅಂಕಣದಲ್ಲಿ ಸುಮ್ಮನೆ ಕೂತಿತ್ತು. ಪ್ರತಿ ವಾರ್ಷಿಕ ಸಭೆಯಲ್ಲಿಯೂ ಒಬ್ಬ ಹಿರಿಯರು ಎದ್ದು ನಿಂತು, ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ನಮ್ಮ ಹಳದಿ ಕರಪತ್ರವನ್ನು ಬಿಡಿಸಿ, ‘ಬಾವಿ ಎಲ್ಲಿಗೆ ಬಂತು?’ ಎಂದು ಕೇಳುತ್ತಿದ್ದರು. ಅವರು ಕೊಟ್ಟದ್ದು ಹದಿನೈದು ಪೌಂಡು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು, ನಮ್ಮ ಬಳಿ ಉತ್ತರವಿರಲಿಲ್ಲ ಅಷ್ಟೇ.

2022ರ ಚಾರಿಟೀಸ್ ಕಾಯ್ದೆ ಈ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ತಂದಿದೆ. ಹೇಳಿದ ಕೆಲಸಕ್ಕೆ ಸಾಲುವಷ್ಟು ಹಣ ಕೂಡದೆ ಮನವಿ ಸೋತಾಗ, ಒಬ್ಬ ದಾನಿ ಒಂದು ಹಣಕಾಸು ವರ್ಷದಲ್ಲಿ ಕೊಟ್ಟದ್ದು 120 ಪೌಂಡನ್ನು ಮೀರದಿದ್ದು, ಹಣ ಮರಳಿ ಬೇಕೆಂದು ಅವರು ಮೊದಲೇ ಬರೆದು ತಿಳಿಸಿರದಿದ್ದರೆ, ಅವರನ್ನು ಹುಡುಕಿಕೊಂಡು ಹೋಗಿ ಕೇಳದೆಯೇ ಆ ಹಣವನ್ನು ಬೇರೆ ಉದ್ದೇಶಕ್ಕೆ ತಿರುಗಿಸಲು ಟ್ರಸ್ಟಿಗಳು ನಿರ್ಣಯ ಮಾಡಬಹುದು. ಆದರೆ ಹಾಗೆ ತಿರುಗಿಸುವ ನಿಧಿ 1,000 ಪೌಂಡು ದಾಟಿದರೆ, ಸೇವಾಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್ನಿನ ಒಪ್ಪಿಗೆ ಬೇಕು. ಇಷ್ಟೆಲ್ಲ ಅಲೆದಾಟವನ್ನು ಕರಪತ್ರದ ಒಂದು ವಾಕ್ಯ ತಪ್ಪಿಸುತ್ತದೆ: ‘ಈ ಹಣವನ್ನು ಶಾಲೆಯ ಅಡುಗೆಮನೆ ಕಟ್ಟಲು ಬಳಸುತ್ತೇವೆ; ಅದಕ್ಕೆ ಸಾಲದಷ್ಟು ಅಥವಾ ಮಿಕ್ಕುವಷ್ಟು ಬಂದಲ್ಲಿ, ಅದೇ ಶಾಲೆಯ ಮಕ್ಕಳ ಗಂಜಿ ಹಾಗೂ ಇತರ ಅಗತ್ಯಗಳಿಗೆ ವಿನಿಯೋಗಿಸುತ್ತೇವೆ.’ ವಂತಿಗೆಯ ಹಾಳೆಯ ಮೇಲೂ, ಅಂತರ್ಜಾಲದ ಪುಟದಲ್ಲಿಯೂ ಇದೇ ವಾಕ್ಯವಿರಲಿ. ಒಂದೊಂದು ಕಡೆ ಒಂದೊಂದು ರೀತಿ ಬರೆದರೆ ಮೊದಲಿನ ತೊಡಕೇ ಮರಳುತ್ತದೆ.

ಇನ್ನು ಗಿಫ್ಟ್ ಏಡ್. ಆದಾಯ ತೆರಿಗೆ ಅಥವಾ ಬಂಡವಾಳ ಲಾಭದ ತೆರಿಗೆ ಕಟ್ಟಿರುವವರು ಕೊಟ್ಟ ದೇಣಿಗೆಯ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಬರುತ್ತದೆ. ಹತ್ತು ಪೌಂಡು ಹನ್ನೆರಡೂವರೆ ಆಗುತ್ತದೆ. ನಡಿಗೆಯ ವಂತಿಗೆಗೆ ಇದು ಸಿಗುತ್ತದೆ, ಆದರೆ ಹಾಳೆಯಲ್ಲಿ ಪ್ರತಿಯೊಬ್ಬರ ಪೂರ್ಣ ಹೆಸರು, ಮನೆಯ ವಿಳಾಸ, ಪೋಸ್ಟ್‌ಕೋಡ್ ಮತ್ತು ಒಪ್ಪಿಗೆಯ ಗುರುತು ಇರಬೇಕು. ‘ಕಚೇರಿಯ ಗೆಳೆಯರು, 60 ಪೌಂಡು’ ಎಂದು ಒಂದೇ ಸಾಲಿನಲ್ಲಿ ಬರೆದು ತಂದರೆ ಅದಕ್ಕೆ ಏನೂ ಸಿಗದು. ಚೀಟಿ ಮಾರಿದ ಹಣಕ್ಕೂ ಕೇಕು ಮಾರಿದ ಹಣಕ್ಕೂ ಸಿಗದು, ಏಕೆಂದರೆ ಅದು ದಾನವಲ್ಲ, ವ್ಯಾಪಾರ. ಡಬ್ಬಿಯಲ್ಲಿ ಬೀಳುವ ಚಿಲ್ಲರೆಗೆ ಬೇರೊಂದು ಯೋಜನೆಯಿದೆ: 30 ಪೌಂಡಿಗೆ ಮೀರದ ನಗದು ಅಥವಾ ಕಾರ್ಡ್ ತಾಗಿಸಿ ಕೊಟ್ಟ ದೇಣಿಗೆಗಳಿಗೆ, ವರ್ಷಕ್ಕೆ 8,000 ಪೌಂಡಿನವರೆಗೆ, ಹೆಸರು ವಿಳಾಸವಿಲ್ಲದೆಯೇ ಅದೇ ದರದಲ್ಲಿ ಕೇಳಬಹುದು. ಆದರೆ ಅದೇ ವರ್ಷ ಗಿಫ್ಟ್ ಏಡ್ ಕೇಳಿದ ದೇಣಿಗೆಗಳ ಹತ್ತು ಪಟ್ಟನ್ನು ಮೀರುವಂತಿಲ್ಲ; ಆದ್ದರಿಂದ ಹಾಳೆಗಳನ್ನು ಅಚ್ಚುಕಟ್ಟಾಗಿ ತುಂಬಿಸಿಕೊಳ್ಳುವುದು ಎರಡಕ್ಕೂ ಮೂಲ.

ಬಹುಮಾನದ ಚೀಟಿಗಳನ್ನು ಆ ದಿನ, ಆ ಸಭಾಂಗಣದಲ್ಲಿ ಮಾತ್ರ ಮಾರಿದರೆ ಪರವಾನಗಿ ಬೇಡ. ಮೊದಲೇ ಊರೆಲ್ಲ ಮಾರುವುದಾದರೆ ಸ್ಥಳೀಯ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಬೇಕು. ಕಾಲುವೆಯ ದಂಡೆಯಲ್ಲಿ ದಾರಿಹೋಕರ ಮುಂದೆ ಡಬ್ಬಿ ಹಿಡಿಯುವುದಕ್ಕೂ ಕೌನ್ಸಿಲಿನ ಅನುಮತಿ ಬೇಕಾಗುತ್ತದೆ. ಡಬ್ಬಿಗೆ ಮುದ್ರೆಯಿರಲಿ, ಎಣಿಸುವಾಗ ಪರಸ್ಪರ ಸಂಬಂಧಿಗಳಲ್ಲದ ಇಬ್ಬರು ಕೂತು ಎಣಿಸಿ ಸಹಿ ಹಾಕಲಿ.

ಉತ್ತರ 2: ಜೊಂಬಾದಲ್ಲಿ ನಾಲ್ಕು ವರ್ಷ

ಕಂಟೇನರಿನ ವಿಚಾರವನ್ನು ದಯವಿಟ್ಟು ಕೈಬಿಡಿ. ಮಲಾವಿಗೆ ಸಮುದ್ರತೀರವಿಲ್ಲ, ಸರಕು ಮೊಜಾಂಬಿಕ್‌ನ ಬೇರಾ ಅಥವಾ ನಕಾಲಾ ಬಂದರಿನಲ್ಲಿ, ಇಲ್ಲವೇ ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ ಇಳಿದು, ಗಡಿ ದಾಟಿ ಲಾರಿಯಲ್ಲಿಯೋ ರೈಲಿನಲ್ಲಿಯೋ ಬರಬೇಕು. ಹಡಗಿನ ಬಾಡಿಗೆ, ಬಂದರಿನ ಶುಲ್ಕ, ಲಾರಿ, ಸುಂಕದ ಕಾಗದಪತ್ರ ಎಲ್ಲ ಸೇರಿಸಿದರೆ, ತಾವು ಕಟ್ಟಬೇಕೆಂದಿರುವ ಅಡುಗೆಮನೆಯ ಹಣ ದಾರಿಯಲ್ಲೇ ಕರಗುತ್ತದೆ. ಅಲ್ಲದೆ, ಪರದೇಶದ ಹಳೆಯ ಬಟ್ಟೆ ಅಲ್ಲಿಗೆ ಹೊಸತೇನೂ ಅಲ್ಲ. ಅದಕ್ಕೆ ಅಲ್ಲಿ ‘ಕೌಂಜಿಕಾ’ ಎಂಬ ಹೆಸರೇ ಇದೆ. ಸಂತೆಯಲ್ಲಿ ನೆಲದ ಮೇಲೆ ರಾಶಿ ಹಾಕಿ ಮಾರುತ್ತಾರೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗಳ ಜಗುಲಿಯಲ್ಲಿ ಮೂವರು ದರ್ಜಿಗಳು ಕಾಲಲ್ಲಿ ತುಳಿಯುವ ಯಂತ್ರ ಇಟ್ಟುಕೊಂಡು ಕೂರುತ್ತಿದ್ದರು; ಶಾಲೆಯ ಸಮವಸ್ತ್ರ ಹೊಲಿಯುವುದು ಅವರ ವರ್ಷದ ದೊಡ್ಡ ದುಡಿಮೆ. ಮಕ್ಕಳಿಗೆ ಬಟ್ಟೆಯೇ ಬೇಕಿದ್ದರೆ ಅಂಥವರಿಗೆ ಹೊಲಿಯಲು ಕೊಟ್ಟರೆ ಹಣ ಎರಡು ಮನೆಗಳಿಗೆ ತಲುಪುತ್ತದೆ.

ಆದರೆ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ತಮ್ಮ ಅಂದಾಜು ಪಟ್ಟಿ. ಕಳೆದ ವರ್ಷ ಬಂದದ್ದು ಎನ್ನುತ್ತೀರಿ, ಮತ್ತು ಅದು ಮಲಾವಿಯ ನಾಣ್ಯವಾದ ಕ್ವಾಚಾದಲ್ಲಿಯೇ ಇರಬೇಕು. 2023ರ ನವೆಂಬರಿನಲ್ಲಿ ಒಂದು ಡಾಲರಿಗೆ 1,180ರ ಆಸುಪಾಸಿನಲ್ಲಿದ್ದ ಕ್ವಾಚಾದ ಅಧಿಕೃತ ದರವನ್ನು ಒಂದೇ ಸಲಕ್ಕೆ 1,700ಕ್ಕೆ ತಂದರು. ಆಗ ನಾನು ಅಲ್ಲಿಯೇ ಇದ್ದೆ. ಸಿಮೆಂಟು, ಸೂರಿನ ತಗಡು, ಎಲ್ಲದರ ಬೆಲೆಯೂ ಏರಿತು. ಪೌಂಡಿನಲ್ಲಿ ಲೆಕ್ಕ ಹಾಕುವವರಿಗೆ ಕ್ವಾಚಾ ಇಳಿದರೆ ಲಾಭವೆಂದು ತೋರುತ್ತದೆ, ಆದರೆ ಬೆಲೆಗಳು ಬೆನ್ನಟ್ಟಿ ಬಂದು ಆ ಲಾಭವನ್ನು ತಿಂದುಬಿಡುತ್ತವೆ. ಹಣ ಪೌಂಡಿನಲ್ಲಿಯೇ ಇರಲಿ. ಅಡಿಪಾಯಕ್ಕೆ ಒಂದು ಕಂತು, ಗೋಡೆಗೆ ಒಂದು, ಸೂರಿಗೆ ಒಂದು ಎಂದು ಕಳುಹಿಸಿ, ಪ್ರತಿ ಹಂತದಲ್ಲಿ ರಸೀದಿ ಮತ್ತು ಚಿತ್ರ ಬಂದ ಮೇಲೆಯೇ ಮುಂದಿನದನ್ನು ಬಿಡಿ. ಜೂನ್ ನಡಿಗೆಯ ಹಣದಿಂದ ಮಳೆಗೆ ಮುಂಚೆ ಸೂರು ಬೀಳಬೇಕಾದರೆ ಆಗಸ್ಟಿನೊಳಗೆ ಕೆಲಸ ಆರಂಭವಾಗಬೇಕು. ಹಸಿ ಗೋಡೆಯ ಮೇಲೆ ಡಿಸೆಂಬರಿನ ಮಳೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಹಿಟ್ಟಿಗೂ ಇಂಥದೇ ಋತುಮಾನವಿದೆ. ಹೊಸ ಮೆಕ್ಕೆಜೋಳ ಏಪ್ರಿಲ್, ಮೇ ಹೊತ್ತಿಗೆ ಬರುತ್ತದೆ, ಆಗ ಅಗ್ಗ. ಜನವರಿಯಿಂದ ಮಾರ್ಚ್‌ವರೆಗೆ ಮನೆಮನೆಯ ಕಣಜ ಬರಿದಾಗಿ ಬೆಲೆ ಏರುತ್ತದೆ. ಗಂಜಿ ಅತ್ಯಗತ್ಯವಾಗುವುದು ಆ ತಿಂಗಳುಗಳಲ್ಲಿಯೇ. ಮನೆಯಲ್ಲಿ ಏನೂ ತಿನ್ನದ ಮಗು ತನ್ನದೇ ಪ್ಲಾಸ್ಟಿಕ್ ಲೋಟ ಹಿಡಿದು ಶಾಲೆಗೆ ಬರುತ್ತದೆ. ಗಂಜಿಯಿಲ್ಲವೆಂದು ತಿಳಿದ ದಿನ ಬರುವುದಿಲ್ಲ. 1994ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ತೆಗೆದುಹಾಕಿದಾಗ ಮಲಾವಿಯ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಸುಮಾರು 19 ಲಕ್ಷದಿಂದ 30 ಲಕ್ಷದ ಹತ್ತಿರಕ್ಕೆ ಏರಿತು. ಕೊಠಡಿಗಳು ಮಾತ್ರ ಆ ವೇಗದಲ್ಲಿ ಏರಲಿಲ್ಲ. ಶುಲ್ಕವಿಲ್ಲದಿದ್ದರೂ ಹೊಟ್ಟೆಯ ಪ್ರಶ್ನೆ ಉಳಿದೇ ಇದೆ. ಆದ್ದರಿಂದ ಸುಗ್ಗಿಯಲ್ಲಿ ಕಾಳನ್ನೇ ಕೊಂಡು, ಹುಳು ಹತ್ತದಂತೆ ಕಾಪಿಟ್ಟು, ತಿಂಗಳಿಗೊಮ್ಮೆ ಗಿರಣಿಗೆ ಹಾಕಿಸುವುದು ಸಾಧ್ಯವೇ ಎಂದು ತಾಯಂದಿರ ಸಮಿತಿಯನ್ನು ಕೇಳಿ ನೋಡಿ. ಅಡುಗೆಮನೆಯ ನಕ್ಷೆಗೆ ಒಂದು ಉಗ್ರಾಣದ ಮೂಲೆ ಸೇರಿದರೆ ಒಳ್ಳೆಯದು.

ಮರುಪ್ರಶ್ನೆ: ಕಾಲುವೆದಂಡೆ

ಇಬ್ಬರಿಗೂ ತುಂಬ ಧನ್ಯವಾದಗಳು. ಉಗ್ರಾಣದ ಮಾತು ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂದೇಹ: ಭಿತ್ತಿಪತ್ರಕ್ಕೆ ಒಬ್ಬ ಬಡಕಲು ಹುಡುಗಿಯ ಚಿತ್ರವನ್ನು ಒಬ್ಬರು ಆರಿಸಿದ್ದಾರೆ. ಅದನ್ನು ಹಾಕಿದರೆ ಜನರ ಮನಸ್ಸು ಕರಗುತ್ತದೆ ಎನ್ನುತ್ತಾರೆ, ನನಗೋ ಕಸಿವಿಸಿ.

ಉತ್ತರ 3: ತಿಂಗಳ ಚಂದಾ

ತಮ್ಮ ಕಸಿವಿಸಿಯೇ ಸರಿ. ಆ ಹುಡುಗಿಗೂ ಅವಳ ಮನೆಯವರಿಗೂ ಆ ಚಿತ್ರ ಎಲ್ಲಿ ಅಂಟುತ್ತದೆಂದು ಹೇಳಿ ಒಪ್ಪಿಗೆ ಪಡೆದಿದ್ದೀರಾ? ಇಲ್ಲವಾದರೆ ಅದು ಬೇಡ. ಮಳೆಯಲ್ಲಿ ನೆನೆದ ಮೂರು ಕಲ್ಲು, ಆರಿದ ಬೂದಿ, ಮೇಲೆ ಮಗುಚಿಟ್ಟ ದೊಡ್ಡ ಪಾತ್ರೆ: ಇಷ್ಟರ ಚಿತ್ರವನ್ನು ಹಾಕಿದರೆ ತಾವು ಏತಕ್ಕೆ ಹಣ ಕೇಳುತ್ತಿದ್ದೀರೆಂದು ಯಾರಿಗೂ ವಿವರಿಸಬೇಕಾಗುವುದಿಲ್ಲ.

ಮೇಲಿನ ಇಬ್ಬರೂ ನಡಿಗೆಯನ್ನು ಒಪ್ಪಿಕೊಂಡೇ ಮಾತನಾಡಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕಟ್ಟಡ ಒಂದು ಸಲದ ಖರ್ಚು, ಹಿಟ್ಟು ಪ್ರತಿ ವರ್ಷದ ಖರ್ಚು. ಇಪ್ಪತ್ತು ಜನ ಬ್ಯಾಂಕಿಗೆ ಸೂಚನೆ ಕೊಟ್ಟು ತಿಂಗಳಿಗೆ ಐದೈದು ಪೌಂಡು ಕಳುಹಿಸಿದರೆ ವರ್ಷಕ್ಕೆ 1,200 ಪೌಂಡಾಗುತ್ತದೆ. ಎಲ್ಲರೂ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಸೇರಿ 1,500. ಇದಕ್ಕೆ ಸಭಾಂಗಣದ ಬಾಡಿಗೆಯಿಲ್ಲ, ಮಳೆ ಬಂದರೆ ಮುಂದೂಡುವ ಪ್ರಶ್ನೆಯಿಲ್ಲ. ಆದರೆ ಆ ಇಪ್ಪತ್ತು ಜನ ಎಲ್ಲಿ ಸಿಗುತ್ತಾರೆ ಎಂದರೆ, ನಿಜ ಹೇಳಬೇಕೆಂದರೆ, ನಮಗೆ ಸಿಕ್ಕಿದ್ದು ಇಂಥದೇ ನಡಿಗೆಯ ಕೊನೆಯ ಮೈಲಿಯಲ್ಲಿ, ಕಾಲು ನೋಯುತ್ತಿದ್ದವರ ಕೈಗೆ ಚಹಾ ಕೊಡುವ ಮೇಜಿನ ಹತ್ತಿರ. ಆದ್ದರಿಂದ ಆ ಮೇಜಿನ ಮೇಲೆ ಚಂದಾ ಅರ್ಜಿಯನ್ನೂ ಒಂದು ಪೆನ್ನನ್ನೂ ಇಡಿ.

ಕೊನೆಯ ಮಾತು: ಕಾಲುವೆದಂಡೆ

ನಿನ್ನೆ ಸಭೆ ಸೇರಿದ್ದೆವು. ಕಂಟೇನರು ಕೈಬಿಟ್ಟಿದ್ದೇವೆ, ಬಟ್ಟೆ ಕೊಡಬಯಸುವವರಿಂದ ಒಳ್ಳೆಯವನ್ನು ಮಾತ್ರ ಪಡೆದು, ನಡಿಗೆಯ ದಿನವೇ ಇಲ್ಲಿ ಮಾರಿ ಹಣ ಮಾಡುವುದೆಂದು ಆ ಇಬ್ಬರು ಟ್ರಸ್ಟಿಗಳೂ ಒಪ್ಪಿದರು. ಖಜಾಂಚಿಯವರು ಕೊಟ್ಟ ವಾಕ್ಯವನ್ನು ಹಾಗೆಯೇ ಕರಪತ್ರಕ್ಕೆ ಹಾಕುತ್ತೇವೆ, ಚಿತ್ರಕ್ಕೆ ಪಾತ್ರೆಯೇ ಸಾಕು. ಉಗ್ರಾಣವನ್ನೂ ಸೇರಿಸಿ ಇಂದಿನ ಬೆಲೆಯಲ್ಲಿ ಹೊಸ ಅಂದಾಜು ಪಟ್ಟಿ ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯರಿಗೆ ಬರೆದಿದ್ದೇನೆ. ಅದು ಕೈಸೇರುವವರೆಗೆ 3,000 ಎಂಬ ಅಂಕಿಯಿರುವ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅಚ್ಚಿನವರಿಗೆ ಎರಡು ವಾರ ಕಾಯಲು ಹೇಳಿದ್ದಾಯಿತು.