ಸಹಾಯ ಬೇಕು: ಈ ಮಂಡಾವ್ ಕತ್ತಿ ನಿಜವಾಗಿ ಹಳೆಯದಾ?

ಎಲ್ಲರಿಗೂ ನಮಸ್ಕಾರ. ನಾನು ಬೋರ್ನಿಯೋ ದ್ವೀಪದಲ್ಲಿರುವ ಇಂಡೋನೇಷ್ಯಾದ ಸಮರಿಂಡಾ ನಗರದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲೊಬ್ಬ ವ್ಯಾಪಾರಿ ಈ ದ್ವೀಪದ ಮೂಲನಿವಾಸಿ ದಯಾಕ್ ಜನರ ಮಂಡಾವ್ ಕತ್ತಿ ತೋರಿಸಿ, ‘ನೂರು ವರ್ಷ ಹಳೆಯದು’ ಅಂತ ಸಿಕ್ಕಾಪಟ್ಟೆ ಬೆಲೆ ಹೇಳುತ್ತಿದ್ದಾನೆ. ಸುಮ್ನೆ ನಂಬೋಕಾಗಲ್ಲ, ಅಲ್ವಾ?

ಅಲಗಿನ ಒಂದು ಮುಖ ಉಬ್ಬಿದೆ, ಇನ್ನೊಂದು ಸ್ವಲ್ಪ ತಗ್ಗಿದೆ. ಇದು ಒಳ್ಳೆಯ ಲಕ್ಷಣ. ಪ್ರವಾಸಿಗರಿಗೆಂದು ಮಾಡಿದವು ಹೆಚ್ಚಾಗಿ ಎರಡೂ ಕಡೆ ಚಪ್ಪಟೆ ಇರುತ್ತವೆ. ಬೆನ್ನಿನ ಉದ್ದಕ್ಕೂ ಹಿತ್ತಾಳೆ ಚುಕ್ಕೆಗಳನ್ನು ಕೂರಿಸಿದ್ದಾರೆ.

ತಲೆ ತಿನ್ನುತ್ತಿರುವುದು ಹಿಡಿಯ ಕೆತ್ತನೆ. ಜಿಂಕೆ ಕೊಂಬು ಅನ್ನುತ್ತಾನೆ. ಸುರುಳಿ ಬಳ್ಳಿಗಳ ನಡುವೆ ಬಾಯಿ ತೆರೆದ ಪ್ರಾಣಿ, ಉದ್ದದ ಕೋರೆಹಲ್ಲು. ಕಯಾನ್, ಕೆನ್ಯಾಹ್ ಎಂಬ ದಯಾಕ್ ಪಂಗಡಗಳ ಜನ ಕೆತ್ತುವ ‘ಆಸೋ’, ಅಂದರೆ ಅರ್ಧ ನಾಯಿ ಅರ್ಧ ಡ್ರ್ಯಾಗನ್, ಇರಬೇಕು. ಆದರೆ ಗೆರೆಗಳ ಅಂಚು ಇನ್ನೂ ಬೆರಳಿಗೆ ಚುಚ್ಚುತ್ತದೆ. ಬಳಸಿದ ಹಿಡಿಯಾದರೆ ಅಂಗೈ ತಾಗುವ ಕಡೆ ಸವೆದು ನುಣುಪಾಗಬೇಕಿತ್ತು. ಬೆತ್ತ ಸುತ್ತಿದ ಒರೆಯ ಪಕ್ಕ ಇರಬೇಕಾದ ಚಿಕ್ಕ ಚಾಕುವೂ ಇಲ್ಲ.

ಹಳೆ ಅಲಗಿಗೆ ಹೊಸ ಹಿಡಿ ಹಾಕಿರಬಹುದಾ? ಕೊಂಬಾ, ಪ್ಲಾಸ್ಟಿಕ್ಕಾ ಅಂತ ಗೀರದೆ, ಸುಡದೆ ತಿಳಿಯೋದು ಹೇಗೆ? ಬಲ್ಲವರು ದಯವಿಟ್ಟು ಹೇಳಿ. ಯಾವ ಕೋನದ ಫೋಟೋ ಬೇಕಾದರೂ ತೆಗೆದು ಹಾಕುತ್ತೇನೆ. ಭಾರತಕ್ಕೆ ಇಂಥ ಕತ್ತಿ ತಂದವರಿದ್ದರೆ ಕಸ್ಟಮ್ಸ್ ಅನುಭವವನ್ನೂ ತಿಳಿಸಿ.